ಪೆಟ್ಟಿಗೆ ಹೊತ್ತವರು

ನೀನು ಕಳಿಸಿದ ಹನ್ನೊಂದು ಕಥೆಗಳನ್ನೂ ಓದಿದೆ ಮಗೂ. ಎರಡು ಚೆನ್ನಾಗಿವೆ. ಉಳಿದ ಒಂಬತ್ತರ ವಿಚಾರ ನೀನು ಊರಿಗೆ ಬಂದಾಗ, ಊಟ ಆದಮೇಲೆ ಮಾತಾಡೋಣ. ಹಸಿದ ಹೊಟ್ಟೆಯಲ್ಲಿ ಕೇಳಿಸಿಕೊಳ್ಳುವಂಥದ್ದಲ್ಲ. ಕಥೆಗಳ ಜೊತೆಗಿಟ್ಟ ಪತ್ರದಲ್ಲಿ ಎರಡು ಪ್ರಶ್ನೆ ಕೇಳಿದ್ದೀಯ. ಕೆಲಸ ಬಿಟ್ಟು ಪೂರ್ತಿ ಬರವಣಿಗೆಗೆ ಕೂತುಬಿಡಲೇ? ನಾನು ಬರೆದದ್ದು ನಾಳೆ ಉಳಿಯುತ್ತದೆಯೇ? ಇವನ್ನು ಯಾರಾದರೂ ಸಾಹಿತಿಗೆ ಕೇಳಬೇಕಿತ್ತು, ಸೋದರತ್ತೆಗೆ ಕೇಳಿದ್ದೀಯ. ನಾನು 31 ವರ್ಷ ತಾಲ್ಲೂಕು ಗ್ರಂಥಾಲಯದಲ್ಲಿ ಪುಸ್ತಕಕ್ಕೆ ನಂಬರು ಹಾಕಿದವಳು, ಕಿತ್ತುಹೋದ ರಟ್ಟಿಗೆ ಅಂಟು ಬಳಿದವಳು, ಮಳೆಗಾಲದಲ್ಲಿ ಕಪಾಟಿನ ಮೂಲೆಮೂಲೆಗೂ ನುಸಿಗುಳಿಗೆ ತುರುಕಿದವಳು. ಬರೆಯುವುದು ಹೇಗೆ ಅಂತ ನನಗೆ ಗೊತ್ತಿಲ್ಲ. ಬರೆದದ್ದು ಹೇಗೆ ಕಳೆದುಹೋಗುತ್ತದೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಬಿಡಬೇಡ. ಫ್ರಾಂಜ್ ಕಾಫ್ಕ ಅಂದರೆ ನಿನಗೆ ದೇವರು. ನಿನ್ನ ಆರನೆಯ ಕಥೆಯಲ್ಲಿ ಅವನ ನೆರಳು ಸ್ವಲ್ಪ ಜಾಸ್ತಿಯೇ ಬಿದ್ದಿದೆ. ಆ ಕಾಫ್ಕ 1908ರಿಂದ 1922ರವರೆಗೆ ಪ್ರಾಗ್ ನಗರದ ಕಾರ್ಮಿಕರ ಅಪಘಾತ ವಿಮೆ ಕಚೇರಿಯಲ್ಲಿ ನೌಕರ. ಮರ ಹೆರೆಯುವ ಯಂತ್ರಕ್ಕೆ ಸಿಕ್ಕಿ ಕೆಲಸಗಾರರ ಬೆರಳು ಹೋಗದಂತೆ ಏನು ಮಾಡಬೇಕು ಅಂತ ಚಿತ್ರ ಹಾಕಿ ವರದಿ ಬರೆದವನು. ಆಫೀಸನ್ನು ಬೈದುಕೊಂಡೇ ಇದ್ದ. ಆದರೂ 1912ರ ಸೆಪ್ಟೆಂಬರಿನ ಒಂದು ರಾತ್ರಿ ಹತ್ತಕ್ಕೆ ಕೂತವನು ಬೆಳಗಿನ ಆರಕ್ಕೆ ‘ತೀರ್ಪು’ ಕಥೆಯನ್ನು ಮುಗಿಸಿ ಎದ್ದ. ಅವನ ಕಾದಂಬರಿಗಳ ಗುಮಾಸ್ತರು, ಕಡತಗಳು, ಕಾಯುವ ಕೊಠಡಿಗಳು ಎಲ್ಲಿಂದ ಬಂದವು ಅಂದುಕೊಂಡಿದ್ದೀಯ? ಲಿಸ್ಬನ್ನಿನ ಫರ್ನಾಂಡೊ ಪೆಸ್ಸೋವ ವ್ಯಾಪಾರದ ಕಂಪನಿಗಳಿಗೆ ಇಂಗ್ಲಿಷ್, ಫ್ರೆಂಚ್ ಕಾಗದ ಬರೆದುಕೊಟ್ಟು ಹೊಟ್ಟೆ ಹೊರೆದ. ಪೋರ್ಚುಗೀಸಿನಲ್ಲಿ ಅವನು ಬದುಕಿದ್ದಾಗ ಅಚ್ಚಾದ ಕವಿತೆಯ ಪುಸ್ತಕ ಒಂದೇ ಒಂದು, ಅದೂ ಸಾಯುವ ಹಿಂದಿನ ವರ್ಷ, 1934ರಲ್ಲಿ. ನಿನ್ನ ಬಾಡಿಗೆಯನ್ನು ನಿನ್ನ ಕಥೆ ಕಟ್ಟುವ ದಿನ ಬಂದರೆ ಆಗ ನೋಡೋಣ.

ಎರಡನೆಯ ಪ್ರಶ್ನೆಗೆ ಎಲ್ಲಿಂದ ಶುರುಮಾಡಲಿ? ಪೆಸ್ಸೋವನ ಪೆಟ್ಟಿಗೆಯಿಂದಲೇ ಆಗಲಿ. ಅವನು ಸತ್ತಾಗ ಕೋಣೆಯಲ್ಲಿ ಒಂದು ಮರದ ಪೆಟ್ಟಿಗೆ ಸಿಕ್ಕಿತು, ಅದರ ತುಂಬ ಕಾಗದ. ಎಣಿಸಿದಾಗ 25,000ಕ್ಕೂ ಹೆಚ್ಚು ಹಾಳೆ. ಬೇರೆಬೇರೆ ಹೆಸರುಗಳಲ್ಲಿ, ಸಿಕ್ಕ ಚೂರಿನ ಮೇಲೆಲ್ಲ ಬರೆದಿದ್ದ. ಅವನ ‘ಅಶಾಂತಿಯ ಪುಸ್ತಕ’ ಆ ರಾಶಿಯಿಂದ ಹೆಕ್ಕಿ ಜೋಡಿಸಿ ಅಚ್ಚಾಗುವ ಹೊತ್ತಿಗೆ 1982. ಅವನು ಸತ್ತು 47 ವರ್ಷ. ಮನೆ ಖಾಲಿ ಮಾಡುವ ಹೊತ್ತಿನಲ್ಲಿ ಯಾರೋ ಒಬ್ಬರು ಆ ಪೆಟ್ಟಿಗೆಯನ್ನು ಒಲೆಗೆ ಹಾಕದೆ ಬಿಟ್ಟರಲ್ಲ, ನನ್ನ ಕಣ್ಣು ಹೋಗುವುದು ಅವರ ಕಡೆಗೆ.

ಕಾಫ್ಕನದು ಇನ್ನೂ ಬಿಗಿಯಾದ ಕಥೆ. 1924ರ ಜೂನಿನಲ್ಲಿ, ಇನ್ನೂ 41 ತುಂಬುವ ಮೊದಲೇ, ಕ್ಷಯದಿಂದ ಸತ್ತ. ತನ್ನ ಕೈಬರಹವನ್ನೆಲ್ಲ ಓದದೆ ಸುಟ್ಟುಬಿಡು ಅಂತ ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಚೀಟಿ ಬರೆದಿಟ್ಟಿದ್ದ. ಬ್ರಾಡ್ ಸುಡಲಿಲ್ಲ. ಮರುವರ್ಷವೇ ‘ವಿಚಾರಣೆ’, ಅದರ ಮುಂದಿನ ವರ್ಷ ‘ಕೋಟೆ’, 1927ರಲ್ಲಿ ‘ಅಮೆರಿಕ’ ಪ್ರಕಟಿಸಿದ. 1939ರ ಮಾರ್ಚಿನಲ್ಲಿ ಹಿಟ್ಲರನ ಸೈನ್ಯ ಪ್ರಾಗಿಗೆ ನುಗ್ಗುವ ಹೊತ್ತಿಗೆ ಆ ಕಾಗದಗಳನ್ನು ಸೂಟ್‌ಕೇಸಿಗೆ ತುಂಬಿಕೊಂಡು ರೈಲು ಹತ್ತಿ, ಕೊನೆಗೆ ಟೆಲ್ ಅವೀವ್ ಸೇರಿದ. ಜೀವ ಉಳಿಸಿಕೊಳ್ಳಲು ಓಡುವವನು ಬಟ್ಟೆಬರೆ ತುಂಬಬೇಕಾದ ಜಾಗದಲ್ಲಿ ಸತ್ತ ಗೆಳೆಯನ ಕಾಗದ ತುಂಬಿಕೊಂಡ.

ಮಾತು ಮೀರಿದ್ದು ಸರಿಯೇ ಅಂತ ನೀನು ಕೇಳುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತು. ನಾನು ಈ ವಿಚಾರದಲ್ಲಿ ವರ್ಷಗಟ್ಟಲೆ ಆ ಕಡೆ ಈ ಕಡೆ ವಾಲಿದ್ದೇನೆ. ನಾನು ಸುಡುವುದಿಲ್ಲ ಅಂತ ಕಾಫ್ಕನ ಮುಖಕ್ಕೇ ಹೇಳಿದ್ದೆ ಎಂದು ಬ್ರಾಡ್ ಆಮೇಲೆ ಬರೆದುಕೊಂಡ. ಹಾಗಿದ್ದೂ ಆ ಕೆಲಸವನ್ನು ಅವನಿಗೇ ಒಪ್ಪಿಸಿದ್ದರಿಂದ, ಕಾಫ್ಕನಿಗೂ ಮನಸ್ಸು ಎರಡಾಗಿತ್ತೇನೋ ಅನ್ನಿಸುತ್ತದೆ. ಕೊನೆಗಾಲದಲ್ಲಿ ಜೊತೆಗಿದ್ದ ಡೋರಾ ಡಯಾಮಂಟ್ ಅವನು ಹೇಳಿದಂತೆ ಕೆಲವನ್ನು ಅವನ ಕಣ್ಣೆದುರಿಗೇ ಸುಟ್ಟಳು, ಕೆಲವನ್ನು ಉಳಿಸಿಕೊಂಡಳು. ಉಳಿಸಿಕೊಂಡದ್ದನ್ನು 1933ರಲ್ಲಿ ಬರ್ಲಿನ್ನಿನಲ್ಲಿ ಗೆಸ್ಟಾಪೊ ಪೊಲೀಸರು ಹೊತ್ತೊಯ್ದರು. ಇವತ್ತಿಗೂ ಸಿಕ್ಕಿಲ್ಲ. ಇನ್ನೊಂದು ವಿಷಯ ನಿನ್ನಂಥ ಹುಡುಗರು ತಿಳಿದಿರಬೇಕು: ಬ್ರಾಡ್ ತಾನೂ 80ಕ್ಕಿಂತ ಹೆಚ್ಚು ಪುಸ್ತಕ ಬರೆದವನು, ಕಾಫ್ಕನಿಗಿಂತ ಆ ಕಾಲಕ್ಕೆ ಎಷ್ಟೋ ಹೆಸರಿದ್ದವನು. ಆ ಪುಸ್ತಕಗಳಲ್ಲಿ ಒಂದರ ಹೆಸರು ಹೇಳು ನೋಡೋಣ.

ಕಾಗದವೇ ಅಪಾಯವಾದ ಕಾಲವೂ ಇತ್ತು. ಲೆನಿನ್‌ಗ್ರಾಡಿನಲ್ಲಿ ಕವಿ ಅನ್ನಾ ಅಖ್ಮತೋವಾಳ ಮಗ ಲೆವ್ 1938ರಲ್ಲಿ ಜೈಲು ಸೇರಿದಾಗ, ಅವಳು ಬೇರೆ ತಾಯಂದಿರ ಜೊತೆ ಜೈಲಿನ ಗೋಡೆಯ ಹೊರಗೆ ಸಾಲಿನಲ್ಲಿ ನಿಂತಳು. ಒಟ್ಟು 17 ತಿಂಗಳು ಆ ಸಾಲುಗಳಲ್ಲೇ ಕಳೆಯಿತು. ಆ ನಿಲ್ಲುವಿಕೆಯಿಂದ ‘ರೆಕ್ವಿಯಮ್’ ಹುಟ್ಟಿತು. ಬರೆದು ಮನೆಯಲ್ಲಿಟ್ಟರೆ ತಲೆ ಹೋಗುತ್ತದೆ. ಗೋಡೆಗೂ ಕಿವಿ. ಹಾಗಾಗಿ ಗೆಳತಿ ಲಿಡಿಯಾ ಚುಕೋವ್‌ಸ್ಕಯಾ ಮನೆಗೆ ಬಂದಾಗ ಅನ್ನಾ ಚಹಾ, ಹವೆ ಅಂತ ಏನೋ ಒಂದು ಗಟ್ಟಿಯಾಗಿ ಮಾತಾಡುತ್ತ, ಚೂರು ಕಾಗದದ ಮೇಲೆ ನಾಲ್ಕು ಸಾಲು ಗೀಚಿ ಕೈಗೆ ಕೊಡುವಳು. ಲಿಡಿಯಾ ಓದಿ, ಬಾಯಿಪಾಠ ಮಾಡಿ, ಮರಳಿ ಕೊಡುವಳು. ಕಡ್ಡಿ ಗೀರಿ ಬೂದಿ ತಟ್ಟೆಯ ಮೇಲೆ ಹಿಡಿದರೆ ಮುಗಿಯಿತು. ಈ ಲಿಡಿಯಾಳ ಗಂಡ ಮಟ್ವೆ ಬ್ರಾನ್‌ಸ್ಟೈನ್, ಭೌತವಿಜ್ಞಾನಿ. ಅವನನ್ನು ಅದೇ 1938ರಲ್ಲಿ ಗುಂಡಿಟ್ಟು ಕೊಂದಿದ್ದರು. ಅಂಥವಳು ಇನ್ನೊಬ್ಬಳ ಕವಿತೆಯನ್ನು ತಲೆಯೊಳಗೆ ಇಟ್ಟುಕೊಂಡು ಟ್ರಾಮು ಹತ್ತಿ ಮನೆಗೆ ಹೋಗುತ್ತಿದ್ದಳು. ಆ ಕವಿತೆ ರಷ್ಯದೊಳಗೆ ಪೂರ್ತಿಯಾಗಿ ಅಚ್ಚಾದದ್ದು 1987ರಲ್ಲಿ.

ಒಸಿಪ್ ಮಾಂಡೆಲ್‌ಸ್ಟಾಮ್ 1938ರ ಡಿಸೆಂಬರಿನಲ್ಲಿ ಕೈದಿಗಳ ಶಿಬಿರದಲ್ಲಿ ಸತ್ತಮೇಲೆ ಹೆಂಡತಿ ನಡೆಜ್ದಾ ಮಾಡಿದ್ದೂ ಇದೇ, ಊರೂರು ಅಲೆಯುತ್ತ ಗಂಡನ ಕವಿತೆಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತ. ಕಾದಂಬರಿಕಾರ ವಾಸಿಲಿ ಗ್ರಾಸ್‌ಮನ್‌ನದು ಗದ್ಯ, ಅದೂ ಭಾರಿ ಗಾತ್ರದ್ದು. ಬಾಯಿಪಾಠದ ಮಾತೇ ಇಲ್ಲ. 1961ರಲ್ಲಿ ಗುಪ್ತಚರ ಪೊಲೀಸರು ಮನೆಗೆ ಬಂದು ‘ಬದುಕು ಮತ್ತು ವಿಧಿ’ಯ ಹಸ್ತಪ್ರತಿಯ ಜೊತೆ ಕಾರ್ಬನ್ ಪೇಪರು, ಟೈಪ್‌ರೈಟರಿನ ರಿಬ್ಬನ್ನು ಸಹ ಕಿತ್ತುಕೊಂಡು ಹೋದರು. ಅವನು ಮೂರು ವರ್ಷಕ್ಕೆ ಸತ್ತ, ಪುಸ್ತಕ ಕಣ್ಣಿಗೆ ಬೀಳಲಿಲ್ಲ. ಆದರೆ ಕವಿ ಸೆಮ್ಯೋನ್ ಲಿಪ್ಕಿನ್ ಬಳಿ ಒಂದು ಪ್ರತಿ ಬಚ್ಚಿಟ್ಟಿತ್ತು. ಅದನ್ನು ಚಿಕ್ಕ ಫಿಲ್ಮಿಗೆ ಇಳಿಸಿ ಗಡಿ ದಾಟಿಸಿದರು. 1980ರಲ್ಲಿ ಸ್ವಿಟ್ಜರ್‌ಲ್ಯಾಂಡಿನಲ್ಲಿ ಅಚ್ಚಾಯಿತು. ಲಿಪ್ಕಿನ್ ಸ್ವತಃ ಒಳ್ಳೆಯ ಕವಿ ಅನ್ನುತ್ತಾರೆ. ನಾನು ಓದಿಲ್ಲ, ಸಿಕ್ಕಿದ್ದರೆ ಓದುತ್ತಿದ್ದೆ.

ನಗು ಬರುವುದೂ ಒಂದಿದೆ. ಕೀನ್ಯಾದ ಗೂಗಿ ವಾ ಥಿಯಾಂಗೊ ತನ್ನ ತಾಯಿನುಡಿ ಗಿಕೂಯುವಿನಲ್ಲಿ ಹಳ್ಳಿಯವರ ಜೊತೆ ಸೇರಿ ನಾಟಕ ಆಡಿಸಿದ ಅಂತ 1977ರ ಕೊನೆಯಲ್ಲಿ ಜೈಲಿಗೆ ಹಾಕಿದರು, ವಿಚಾರಣೆಯೇ ಇಲ್ಲದೆ. ಅಲ್ಲಿ ಪಾಯಿಖಾನೆಯ ಕಾಗದದ ಮೇಲೆ ಕಾದಂಬರಿ ಬರೆದ. ಒರಟು ಕಾಗದ, ಮೈಗೆ ಕೆಟ್ಟದ್ದು ಪೆನ್ನಿಗೆ ಒಳ್ಳೆಯದಾಯಿತು ಅಂತ ತಾನೇ ತಮಾಷೆ ಮಾಡಿಕೊಂಡಿದ್ದಾನೆ. ಒಮ್ಮೆ ಕೋಣೆ ತಪಾಸಣೆಯಲ್ಲಿ ಆ ಸುರುಳಿಗಳೂ ಹೋದವು, ಕೆಲವು ವಾರದ ಮೇಲೆ ಅಧಿಕಾರಿಯೊಬ್ಬ ಮರಳಿ ಕೊಟ್ಟ. ಆ ಅಧಿಕಾರಿಗೆ ಆ ದಿನ ಮನಸ್ಸು ಬರದಿದ್ದರೆ?

ಈಗ ಹೇಳಲು ನನಗೆ ಕಷ್ಟವಾಗುವ ಭಾಗ. ಐರೀನ್ ನೆಮಿರೋವ್‌ಸ್ಕಿ ಅಂತ ಒಬ್ಬ ಲೇಖಕಿ, ಕೀವ್‌ನಲ್ಲಿ ಹುಟ್ಟಿ ಫ್ರೆಂಚಿನಲ್ಲಿ ಬರೆದವಳು. ಯಹೂದಿ. ಯುದ್ಧಕಾಲದಲ್ಲಿ ಬರ್ಗಂಡಿಯ ಹಳ್ಳಿಯೊಂದರಲ್ಲಿ ಕೂತು, ಕಾಗದಕ್ಕೆ ಬರ ಅಂತ ಇರುವೆಸಾಲಿನಂಥ ಸಣ್ಣ ಅಕ್ಷರದಲ್ಲಿ ಕಾದಂಬರಿ ಬರೆಯುತ್ತಿದ್ದಳು. ಐದು ಭಾಗ ಬರೆಯುವ ಯೋಚನೆ, ಎರಡು ಮುಗಿದಿತ್ತು. 1942ರ ಜುಲೈ 13ರಂದು ಹಿಡಿದೊಯ್ದರು. ಆಗಸ್ಟಿನಲ್ಲಿ ಆಶ್ವಿಟ್ಜ್‌ನಲ್ಲಿ ತೀರಿಕೊಂಡಳು. ಗಂಡನನ್ನೂ ಕೆಲವು ತಿಂಗಳಲ್ಲಿ ಅಲ್ಲಿಗೇ ಕಳಿಸಿದರು. ಉಳಿದವರು ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಡೆನೀಸ್‌ಗೆ ಹನ್ನೆರಡು ತುಂಬಿತ್ತು, ಚಿಕ್ಕವಳಿಗೆ ಐದು. ಈ ಸೂಟ್‌ಕೇಸನ್ನು ಎಂದೂ ಕೈಬಿಡಬೇಡ ಅಂತ ಅಪ್ಪ ಹೇಳಿದ್ದನ್ನು ಹಿಡಿದುಕೊಂಡು, ಆ ಹುಡುಗಿ ಅಡಗುತಾಣದಿಂದ ಅಡಗುತಾಣಕ್ಕೆ ಅದನ್ನು ಎಳೆದುಕೊಂಡು ಹೋದಳು. ಒಳಗಿದ್ದ ದಪ್ಪ ಪುಸ್ತಕ ಅಮ್ಮನ ದಿನಚರಿ ಇರಬೇಕು ಅಂದುಕೊಂಡು, ಓದುವ ಧೈರ್ಯ ಸಾಲದೆ, ದಶಕಗಳ ಕಾಲ ಮುಟ್ಟಲಿಲ್ಲ. ಕೊನೆಗೆ ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಬಿಡಿಸಿ ನಕಲು ಮಾಡಿದಾಗ ತಿಳಿಯಿತು, ಅದು ಕಾದಂಬರಿ. 2004ರಲ್ಲಿ ‘ಸ್ವೀಟ್ ಫ್ರಾಂಸೇಸ್’ ಹೆಸರಿನಲ್ಲಿ ಬಂತು. ಬರೆದವಳು ಸತ್ತು 62 ವರ್ಷವಾಗಿತ್ತು.

ಡೆನೀಸ್ ತೆರೆಯದೆ ಇಟ್ಟುಕೊಂಡಳು. ನಾನು ತೆರೆದು ನೋಡಿ ಕಳೆದುಕೊಂಡೆ. ನನ್ನಮ್ಮನ, ಅಂದರೆ ನಿನ್ನಜ್ಜಿಯ, ಹಾಡಿನ ಪುಸ್ತಕ ಒಂದಿತ್ತು, ಹಸಿರು ಬಣ್ಣದ ಲೆಕ್ಕದ ಪುಸ್ತಕ. ಹಸೆಗೆ ಕರೆಯುವ ಹಾಡು, ಎಣ್ಣೆ ಒತ್ತುವ ಹಾಡು, ಬೀಗರನ್ನು ಆಡಿಕೊಳ್ಳುವ ಹಾಡು, ನಡುನಡುವೆ ಹಾಲಿನ ಲೆಕ್ಕ. ಕೆಲವು ಹಾಡು ಅವಳದೇ ಕಟ್ಟು ಅಂತ ನನ್ನ ಗುಮಾನಿ. ಊರಿನ ಪುಸ್ತಕವನ್ನೆಲ್ಲ ಜೋಪಾನ ಮಾಡುತ್ತಿದ್ದ ನಾನೇ, ಮನೆಗೆ ಸುಣ್ಣ ಬಳಿಸುವ ಗಡಿಬಿಡಿಯಲ್ಲಿ ಅದನ್ನು ಹಳೆಯ ಪಂಚಾಂಗಗಳ ಜೊತೆ ರದ್ದಿಯವನ ತಕ್ಕಡಿಗೆ ಹಾಕಿದೆ. ‘ಹಾಡು ತಾನೇ’ ಅಂದುಕೊಂಡೆ. ಗ್ರಂಥಾಲಯದ ರಿಜಿಸ್ಟರಿನಲ್ಲಿ ನಂಬರಿದ್ದದ್ದು ಮಾತ್ರ ಪುಸ್ತಕ ಅನ್ನುವ ಭ್ರಮೆ ನನಗೆ ಆ ವಯಸ್ಸಿನಲ್ಲಿತ್ತು. ಅಮ್ಮ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜೋರಾ ನೀಲ್ ಹರ್‌ಸ್ಟನ್‌ಳ ಕಥೆ ಓದಿದಾಗಲೆಲ್ಲ ನನಗೆ ಆ ತಕ್ಕಡಿ ನೆನಪಾಗುತ್ತದೆ. ಅಮೆರಿಕದ ಕರಿಯರ ಹಾಡು, ಗಾದೆ, ಕಥೆಗಳನ್ನು ಊರೂರು ಸುತ್ತಿ ಬರೆದುಕೊಂಡವಳು. ಹೈಟಿಯಲ್ಲಿ ಕೂತು ಏಳೇ ವಾರದಲ್ಲಿ ಬರೆದ ಕಾದಂಬರಿ 1937ರಲ್ಲಿ ಬಂತು. ಆಮೇಲೆ ಜನ ಮರೆತರು. 1950ರಲ್ಲಿ ಮನೆಗೆಲಸಕ್ಕೆ ಸೇರಿದ್ದಳು, ಅಷ್ಟು ಹೊತ್ತಿಗೆ ಏಳು ಪುಸ್ತಕ ಅಚ್ಚಾಗಿದ್ದವು! 1960ರ ಜನವರಿಯಲ್ಲಿ ಫ್ಲಾರಿಡಾದ ಫೋರ್ಟ್ ಪಿಯರ್ಸ್ ಊರಿನಲ್ಲಿ, ಸರ್ಕಾರಿ ಆಶ್ರಮದಲ್ಲಿ ತೀರಿಕೊಂಡಳು. ಮಣ್ಣಿಗೆ ಚಂದಾ ಎತ್ತಿದರು, ಗೋರಿಗೆ ಕಲ್ಲಿಲ್ಲ. ಅವಳಿದ್ದ ಮನೆ ಚೊಕ್ಕಟ ಮಾಡಲು ಬಂದವರು ಕಾಗದಗಳಿಗೆ ಬೆಂಕಿ ಹಚ್ಚಿದ್ದರು. ಪ್ಯಾಟ್ರಿಕ್ ಡುವಾಲ್ ಅನ್ನುವ ಪೊಲೀಸಿನವನು, ಅವಳ ಪರಿಚಯಸ್ಥ, ಆ ದಾರಿಯಲ್ಲಿ ಹೋಗುತ್ತಿದ್ದವನು ಹೊಗೆ ನೋಡಿ ಗಾಡಿ ನಿಲ್ಲಿಸಿ ನೀರು ಬಿಟ್ಟು ಆರಿಸಿದ. ಅಂಚು ಸುಟ್ಟ ಆ ಹಾಳೆಗಳು ಇವತ್ತು ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿವೆ. ಅದರಲ್ಲಿದ್ದ ಹೆರೋದ್ ರಾಜನ ಕಾದಂಬರಿ 2025ರಲ್ಲಿ, ಸುಟ್ಟಲ್ಲಿ ಸುಟ್ಟ ಹಾಗೆಯೇ, ಪುಸ್ತಕವಾಗಿ ಬಂತು.

ಆಲಿಸ್ ವಾಕರ್ ಅನ್ನುವ ಹುಡುಗಿ, ಆಗಿನ್ನೂ 29 ವರ್ಷ, 1973ರಲ್ಲಿ ಆ ಊರಿಗೆ ಹೋಗಿ, ‘ನಾನು ಜೋರಾಳ ಸೋದರ ಸೊಸೆ’ ಅಂತ ಸುಳ್ಳು ಹೇಳಿಕೊಂಡು, ಸೊಂಟದೆತ್ತರ ಕಳೆ ಬೆಳೆದ ಸ್ಮಶಾನದಲ್ಲಿ ಹುಡುಕಿ ಕಲ್ಲು ನೆಡಿಸಿದಳು. ಆ ಕಲ್ಲಿನಲ್ಲಿ ಹುಟ್ಟಿದ ವರ್ಷ ತಪ್ಪಿದೆ, 1901 ಅಂತಿದೆ. ಹುಟ್ಟಿದ್ದು 1891. ತಪ್ಪು ಆಲಿಸಳದಲ್ಲ, ಶಾಲೆಗೆ ಸೇರಲು ಜೋರಾ ತಾನೇ ಹತ್ತು ವರ್ಷ ಇಳಿಸಿಕೊಂಡಿದ್ದಳು. ‘ಸೋದರ ಸೊಸೆ’ ಅನ್ನುವ ಆ ಸುಳ್ಳು ನನಗೆ ಬಹಳ ಇಷ್ಟ. ಹತ್ತು ವರ್ಷ ಕಳೆದ ಮೇಲೆ ಆಲಿಸ್ ತನ್ನ ಕಾದಂಬರಿಗೆ ಪುಲಿಟ್ಜರ್ ಪಡೆದಳು. ಬರೆಯುವ ವಯಸ್ಸಿನಲ್ಲಿ ಕಳೆ ಕೀಳಲು ಹೋದದ್ದರಿಂದ ಅವಳ ಬರವಣಿಗೆಗೆ ಏನೂ ನಷ್ಟವಾಗಲಿಲ್ಲ ಕಣೋ. ನಮ್ಮಲ್ಲೂ ಬಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ತಾಳೆಗರಿ ಹುಡುಕಿಕೊಂಡು ಅಲೆಯದಿದ್ದರೆ, ವಚನಗಳನ್ನು ಅಚ್ಚು ಹಾಕಲು ಮನೆ ಮಾರಿ ಮುದ್ರಣಾಲಯ ಮಾಡದಿದ್ದರೆ, ನೀನು ಭಾಷಣ ಸ್ಪರ್ಧೆಯಲ್ಲಿ ಹೇಳಿ ಬಹುಮಾನ ತಂದ ಎಷ್ಟೋ ವಚನಗಳು ಯಾವುದೋ ಮಠದ ಅಟ್ಟದಲ್ಲಿ ಗೆದ್ದಲಿಗೆ ಹೋಗುತ್ತಿದ್ದವು.

ನಿನ್ನದು ಉಳಿಯುತ್ತದೆಯೇ ಅನ್ನುವುದನ್ನು ನಾನು ಹೇಗೆ ಹೇಳಲಿ? ನನ್ನ ಕೈಲಾದ ಮಾತು ಇಷ್ಟೇ. ಕಥೆಗಳನ್ನು ಬರೀ ಮೊಬೈಲಿನಲ್ಲಿ ಇಟ್ಟುಕೊಳ್ಳಬೇಡ, ಕಾಗದಕ್ಕೆ ಇಳಿಸು. ಪ್ರತಿಯೊಂದರ ಕೆಳಗೂ ತಾರೀಕು ಹಾಕು; ನೀನು ಒಂದಕ್ಕೂ ಹಾಕಿಲ್ಲ, ಗ್ರಂಥಾಲಯದವಳಿಗೆ ಅದಕ್ಕಿಂತ ಸಿಟ್ಟು ಬರಿಸುವುದು ಇನ್ನೊಂದಿಲ್ಲ. ಒಂದು ಪ್ರತಿಯನ್ನು ಬೇರೆ ಊರಿನ ಬೇರೆ ಮನೆಯಲ್ಲಿಡು. ಜೊತೆಯಲ್ಲಿ ಬರೆಯುತ್ತಿರುವ ಗೆಳೆಯ ಗೆಳತಿಯರಲ್ಲಿ ನಿನಗಿಂತ ಚೆನ್ನಾಗಿ ಬರೆಯುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅದು ಯಾರು ಅಂತ ನಿನಗೆ ಗೊತ್ತಿರುತ್ತದೆ, ಹೇಳಿಕೊಳ್ಳಲು ಹೊಟ್ಟೆಕಿಚ್ಚು ಬಿಡುವುದಿಲ್ಲ. ಅವರ ಹಾಳೆಗಳನ್ನು ಕೇಳಿ ಇಸಿದುಕೊಂಡು ಒಂದು ಫೈಲು ಮಾಡು. ಯಾಕೆ ಅಂತ ಅವರು ಕೇಳಿದರೆ ಅತ್ತೆ ಹೇಳಿದರು ಅನ್ನು.

ಇನ್ನೊಂದು ಕೆಲಸವಿದೆ, ಅದಕ್ಕೇ ಇಷ್ಟುದ್ದ ಬರೆದದ್ದು. ಹಿಂದಿನ ಬೀದಿಯ ದೊಡ್ಡಜ್ಜಿಗೆ ಈಗ 91. ನನ್ನಮ್ಮನ ಜೊತೆ ಎಲ್ಲ ಮದುವೆಗಳಲ್ಲೂ ಹಸೆ ಮುಂದೆ ಹಾಡಿದವರು. ಕಳೆದ ವಾರ ಹೂವು ಕೊಡಲು ಹೋದಾಗ ಆ ಹಸಿರು ಪುಸ್ತಕದ ಒಂದು ಹಾಡು ತಾವಾಗಿಯೇ ಗುನುಗಿದರು, ಮೂರನೆಯ ನುಡಿಗೆ ತಡವರಿಸಿದರು. ಬೆಳಗಿನ ಹೊತ್ತು ನೆನಪು ಚೆನ್ನಾಗಿರುತ್ತದೆ, ಮಧ್ಯಾಹ್ನದ ಮೇಲೆ ನನ್ನನ್ನೇ ಅಮ್ಮನ ಹೆಸರಿನಿಂದ ಕರೆಯುತ್ತಾರೆ. ದೀಪಾವಳಿಗೆ ಬರುತ್ತೇನೆ ಅಂದಿದ್ದೀಯಲ್ಲ, ಅಲ್ಲಿಯವರೆಗೆ ಕಾಯಬೇಡ, ಈ ಶನಿವಾರ ರಾತ್ರಿಯ ಬಸ್ಸಿಗೇ ಹೊರಡು. ದಪ್ಪ ರಟ್ಟಿನ, ಗೆರೆ ಇರುವ 200 ಪುಟದ ಪುಸ್ತಕ ತಾ. ನನ್ನ ಕೈ ಈಗ ನಡುಗುತ್ತದೆ, ಬರೆದುಕೊಳ್ಳುವವನು ನೀನೇ.