ಇಬ್ಬರೂ ಬೆಟ್ಟದ ದಾರಿ ಹಿಡಿಯುವುದಾದರೆ

ದೀರ್ಘ ರಜೆ ಹಾಕಿಯೋ, ಕೆಲಸ ಬಿಟ್ಟೋ, ನಿವೃತ್ತಿಯ ಹಣ ಕೈಗೆ ಬಂದ ಮೇಲೋ ವರ್ಷವಿಡೀ ಜಗತ್ತಿನ ಬೆಟ್ಟಗಳನ್ನು ಸುತ್ತಬೇಕೆಂದು ಆಸೆಪಡುವ ದಂಪತಿಗಳು ಮೊದಲು ಕೇಳುವುದು ಎರಡೇ: ದುಡ್ಡು ಎಷ್ಟು ಬೇಕು, ಬೂಟು ಯಾವುದು ಕೊಳ್ಳಬೇಕು. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಯೋಜನೆ ಶುರುವಾಗಬೇಕಾದ್ದು ಅಲ್ಲಿಂದಲ್ಲ. ಇಬ್ಬರಲ್ಲಿ ನಿಧಾನವಾಗಿ ನಡೆಯುವವರು ಯಾರು, ಅವರು ಒಂದು ದಿನಕ್ಕೆ ಎಷ್ಟು ಹತ್ತಿ ಇಳಿಯಬಲ್ಲರು, ಮರುದಿನ ಬೆಳಿಗ್ಗೆ ಅದೇ ಉತ್ಸಾಹದಲ್ಲಿ ಎದ್ದು ಹೊರಡಬಲ್ಲರೇ ಎಂಬುದು ಮೊದಲು ತಿಳಿಯಬೇಕು. ದೇಶ, ತಿಂಗಳು, ಖರ್ಚು ಎಲ್ಲವನ್ನೂ ಆ ನಡಿಗೆಗೆ ಹೊಂದಿಸಿಕೊಳ್ಳಬೇಕು.

ಮೊದಲ ಹೆಜ್ಜೆ: ಊರ ಹತ್ತಿರದ ಬೆಟ್ಟ

ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ 1,712 ಮೀಟರ್ ಎತ್ತರದ ಕುಮಾರ ಪರ್ವತ ಹತ್ತಿ ಇಳಿದರೆ ಮೊಣಕಾಲು ಎಂಥದ್ದೆಂದು ಗೊತ್ತಾಗುತ್ತದೆ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮಾಡಿಕೊಂಡು, ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವ ಬೇಸಿಗೆ ತಿಂಗಳುಗಳನ್ನು ಬಿಟ್ಟು ಹೋಗಿ. ಮುಂದೆ ಹೊರಬೇಕಾದ ಭಾರವನ್ನೇ ಬೆನ್ನಿಗೆ ಹಾಕಿಕೊಳ್ಳಿ. ಹತ್ತುವುದಕ್ಕಿಂತ ಇಳಿಯುವಾಗ ಯಾರಿಗೆ ಕಷ್ಟವಾಗುತ್ತದೆ ಎಂಬುದನ್ನು ಗಮನಿಸಿ. ಉದ್ದದ ಚಾರಣಗಳನ್ನು ಅರ್ಧಕ್ಕೇ ನಿಲ್ಲಿಸುವುದು ಸಾಮಾನ್ಯವಾಗಿ ಇಳಿಜಾರಿನಲ್ಲಿ ನೊಂದ ಮೊಣಕಾಲೇ.

ಆಮೇಲೆ ಹಿಮಾಲಯದಲ್ಲಿ ಒಂದು ಚಿಕ್ಕ ಚಾರಣ ಮಾಡಲೇಬೇಕು. ಉತ್ತರಾಖಂಡದ ಕೇದಾರಕಂಠ ಸುಮಾರು 3,800 ಮೀಟರ್ ಇದೆ, ಹೊಸಬರಿಗೂ ಆಗುತ್ತದೆ. ಎತ್ತರಕ್ಕೆ ಯಾರ ದೇಹ ಹೇಗೆ ಒಗ್ಗುತ್ತದೆ ಎಂಬುದನ್ನು ಪಶ್ಚಿಮ ಘಟ್ಟ ಹೇಳಲಾರದು. ಮ್ಯಾರಥಾನ್ ಓಡುವವರಿಗೆ ತಲೆ ಸಿಡಿದು, ಜೊತೆಗಿದ್ದವರು ಆರಾಮಾಗಿ ಇರಬಹುದು. ದೈಹಿಕ ಕ್ಷಮತೆ ಇದ್ದ ಮಾತ್ರಕ್ಕೆ ಎತ್ತರದ ಕಾಯಿಲೆಯಿಂದ ರಕ್ಷಣೆ ಸಿಗುವುದಿಲ್ಲ.

ಎರಡನೇ ಹೆಜ್ಜೆ: ಋತು ಮತ್ತು ವೀಸಾ

ವರ್ಷದ ಲೆಕ್ಕವನ್ನು ಬೆಟ್ಟಗಳ ಹವಾಮಾನವೇ ಹಾಕಿಕೊಡುತ್ತದೆ. ಏಪ್ರಿಲ್–ಮೇ ನೇಪಾಳ. ಮಳೆಗಾಲದಲ್ಲಿ ಆ ಕಡೆ ಹೋಗದೆ ಜುಲೈನಿಂದ ಸೆಪ್ಟೆಂಬರ್ ನಡುವೆ ಆಲ್ಪ್ಸ್ ಅಥವಾ ಮಳೆನೆರಳಿನ ಲಡಾಖ್. ಅಕ್ಟೋಬರ್–ನವೆಂಬರ್‌ನಲ್ಲಿ ನೇಪಾಳದ ಆಕಾಶ ಮತ್ತೆ ತಿಳಿಯಾಗುತ್ತದೆ. ನಮ್ಮ ಚಳಿಗಾಲವೆಂದರೆ ದಕ್ಷಿಣಾರ್ಧಗೋಳದ ಬೇಸಿಗೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಚಿಲಿ–ಅರ್ಜೆಂಟೀನಾಗಳ ಪಟಗೋನಿಯಾ ಅಥವಾ ನ್ಯೂಜಿಲೆಂಡಿನ ದಕ್ಷಿಣ ದ್ವೀಪ. ಆಫ್ರಿಕಾದ ಕಿಲಿಮಂಜಾರೊಗೂ (5,895 ಮೀಟರ್) ಜನವರಿ–ಫೆಬ್ರುವರಿ ಒಳ್ಳೆಯ ಕಾಲ. ಅಲ್ಲಿ ಗೈಡ್ ಇಲ್ಲದೆ ಹತ್ತಲು ಬಿಡುವುದಿಲ್ಲ.

ಒಂದು ದೇಶದಿಂದ ಇನ್ನೊಂದಕ್ಕೆ ಹಾಗೇ ನಡೆದುಬಿಡುವ ಯುರೋಪಿನ ಜೋಡಿಗಳ ಯೋಜನೆಯನ್ನು ಭಾರತೀಯ ಪಾಸ್‌ಪೋರ್ಟ್ ಇರುವವರು ನಕಲು ಮಾಡಲಾಗದು. ಆಲ್ಪ್ಸ್‌ಗೆ ಬೇಕಾದ ಷೆಂಗೆನ್ ವೀಸಾಕ್ಕೆ ಸಾಮಾನ್ಯವಾಗಿ ವಾಸವಿರುವ ದೇಶದಿಂದಲೇ ಅರ್ಜಿ ಹಾಕಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಕೊಡಬಹುದು. ಸಿಕ್ಕರೂ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆಯೂ ಬೇಕು. ಆದ್ದರಿಂದ ಅಲೆದಾಟವನ್ನು ಎರಡು–ಮೂರು ತಿಂಗಳ ಸುತ್ತುಗಳಾಗಿ ಒಡೆದುಕೊಂಡು, ನಡುನಡುವೆ ಬೆಂಗಳೂರಿಗೆ ಬಂದು ಮುಂದಿನ ವೀಸಾದ ಕೆಲಸ ಮುಗಿಸುವುದೇ ಸರಿಯಾದ ಕ್ರಮ. ಇದನ್ನು ಕೊರತೆ ಎಂದುಕೊಳ್ಳಬೇಡಿ. ಕಾಲಿಗೆ ವಿಶ್ರಾಂತಿ, ವಯಸ್ಸಾದ ತಂದೆ-ತಾಯಿಯ ಜೊತೆ ನಾಲ್ಕು ದಿನ, ಹಲ್ಲಿನ ಡಾಕ್ಟರ ಭೇಟಿ ಎಲ್ಲವೂ ಆಗಲೇ ಆಗುತ್ತವೆ.

ಪಾಸ್‌ಪೋರ್ಟ್ ಮಾಡಿಸುವಾಗ 36 ಪುಟದ್ದರ ಬದಲು 60 ಪುಟದ್ದನ್ನು ಕೇಳಿ ಪಡೆಯಿರಿ. ಮದುವೆ ನೋಂದಣಿ ಪತ್ರದ ಪ್ರತಿಗಳು ಇಬ್ಬರ ಬಳಿಯೂ ಇರಲಿ. ನೇಪಾಳಕ್ಕೆ ವೀಸಾ ಬೇಡ, ಆದರೆ ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು, ಆಧಾರ್ ನಂಬಿ ಹೋಗಬೇಡಿ. ಅಲ್ಲಿನ ಸಂರಕ್ಷಿತ ಪ್ರದೇಶಗಳ ಪರ್ಮಿಟ್ ಸಾರ್ಕ್ ದೇಶದವರಿಗೆ ಕಡಿಮೆ ದರದಲ್ಲಿ ಸಿಗುತ್ತದೆ. ಇನ್ನು, ಲ್ಯಾಪ್‌ಟಾಪ್ ಹಿಡಿದು ದಾರಿಯಲ್ಲೇ ಕೆಲಸ ಮಾಡುವ ಆಲೋಚನೆಯಿದ್ದರೆ ಪ್ರವಾಸಿ ವೀಸಾ ಅದಕ್ಕೆ ಒಪ್ಪುತ್ತದೆಯೇ ಎಂದು ಆಯಾ ದೇಶದ ನಿಯಮ ಓದಿಯೇ ಮುಂದುವರಿಯಿರಿ.

ಮೂರನೇ ಹೆಜ್ಜೆ: ಮೊದಲ ವರ್ಷಕ್ಕೆ ಎರಡೇ ದಾರಿ

ಮೊದಲ ವರ್ಷ ಏಳೆಂಟು ದೇಶ ತುರುಕಬೇಡಿ. ಆಲ್ಪ್ಸ್‌ನಲ್ಲಿ ಒಂದನ್ನೇ ಆರಿಸುವುದಾದರೆ ಮೋಂಟ್ ಬ್ಲಾಂಕ್ ಪ್ರದಕ್ಷಿಣೆ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರನ್ನೂ ಹಾದು ಸುಮಾರು 170 ಕಿ.ಮೀ. ನಡಿಗೆ, ಒಟ್ಟು ಸುಮಾರು 10,000 ಮೀಟರ್ ಏರು. ರಾತ್ರಿ ತಂಗಲು ಬೆಟ್ಟದ ಮೇಲೆ ವಸತಿಗೃಹಗಳಿವೆ, ಆದರೆ ತಿಂಗಳುಗಳ ಮುಂಚೆಯೇ ಕಾದಿರಿಸಬೇಕು. ಸಸ್ಯಾಹಾರಿಗಳಾದರೆ ಬುಕಿಂಗ್ ಮಾಡುವಾಗಲೇ ತಿಳಿಸಿ.

ಪಟಗೋನಿಯಾದಲ್ಲಿ ಚಿಲಿಯ ತೊರೆಸ್ ದೆಲ್ ಪೈನೆ ಉದ್ಯಾನದ ‘ಡಬ್ಲ್ಯು’ ದಾರಿ ನಾಲ್ಕೈದು ದಿನದ್ದು. ಶಿಬಿರದ ಜಾಗ ಕಾದಿರಿಸದೆ ರಾತ್ರಿ ಉಳಿಯುವಂತಿಲ್ಲ. 2011ರ ಡಿಸೆಂಬರ್‌ನಲ್ಲಿ ಒಬ್ಬ ಪ್ರವಾಸಿಯಿಂದ ಹೊತ್ತಿದ ಬೆಂಕಿ ಅಲ್ಲಿ ಸುಮಾರು 17,000 ಹೆಕ್ಟೇರ್ ಸುಟ್ಟುಹಾಕಿತು. ಒಲೆ ಹಚ್ಚುವ ನಿಯಮ ಅಷ್ಟು ಬಿಗಿಯಾಗಿರುವುದು ಅದಕ್ಕೇ, ಅದನ್ನು ಅಕ್ಷರಶಃ ಪಾಲಿಸಿ. ಭಾರ ಹೊತ್ತು ನಡೆಯುವುದು ಬೇಡವೆನ್ನುವವರಿಗೆ ಅರ್ಜೆಂಟೀನಾದ ಎಲ್ ಚಾಲ್ತೆನ್ ಊರು ನನ್ನ ಆಯ್ಕೆ. ಅಲ್ಲಿ ಕೋಣೆ ಮಾಡಿಕೊಂಡು, ಬೆಳಿಗ್ಗೆ ಬುತ್ತಿ ಕಟ್ಟಿ ಫಿಟ್ಜ್‌ರಾಯ್ ಶಿಖರದ ಬುಡದವರೆಗೆ ನಡೆದು ಸಂಜೆಗೆ ಮರಳಬಹುದು.

ನಾಲ್ಕನೇ ಹೆಜ್ಜೆ: ಎರಡು ಚೀಲ

ಜೋಡಿಯಾಗಿ ಹೋಗುವುದರ ದೊಡ್ಡ ಅನುಕೂಲ ಭಾರ ಹಂಚಿಕೆ. ಟೆಂಟ್, ಒಲೆ, ಪಾತ್ರೆ, ಔಷಧಿ ಡಬ್ಬಿ ಒಂದೊಂದೇ ಸಾಕು. ಆದರೆ ಬೆಚ್ಚನೆಯ ಜಾಕೆಟ್, ಮಳೆ ಅಂಗಿ, ಹೆಡ್‌ಲ್ಯಾಂಪ್, ಸೀಟಿ, ನೀರು, ಒಂದು ಹೊತ್ತಿನ ಊಟ, ಸ್ವಲ್ಪ ನಗದು, ನಕ್ಷೆ ಇಷ್ಟು ಮಾತ್ರ ಇಬ್ಬರ ಬೆನ್ನ ಮೇಲೂ ಬೇರೆ ಬೇರೆಯಾಗಿ ಇರಲೇಬೇಕು. ಮಂಜು ಕವಿದಾಗ ಒಬ್ಬರು ಮುಂದೆ ಇನ್ನೊಬ್ಬರು ಹಿಂದೆ ಆಗುವುದು ಕ್ಷಣದ ಕೆಲಸ. ಆಗ ಜಾಕೆಟ್ ಗಂಡನ ಚೀಲದಲ್ಲಿ, ಬೆಳಕು ಹೆಂಡತಿಯ ಕೈಯಲ್ಲಿ ಎಂದಾದರೆ ಇಬ್ಬರಿಗೂ ಅಪಾಯ. ಬೆವರಿನಲ್ಲಿ ನೆಂದರೆ ಬೇಗ ಒಣಗದ ಹತ್ತಿ ಬಟ್ಟೆಯನ್ನು ಮನೆಯಲ್ಲೇ ಬಿಡಿ.

ಅಡುಗೆಯ ಗ್ಯಾಸ್ ಕ್ಯಾನ್ ವಿಮಾನದಲ್ಲಿ ಒಯ್ಯುವಂತಿಲ್ಲ, ಇಳಿದ ಊರಲ್ಲೇ ಕೊಳ್ಳಬೇಕು. ಊಟಕ್ಕೆ ಅವಲಕ್ಕಿಗಿಂತ ಒಳ್ಳೆಯದು ನನಗೆ ತೋಚುವುದಿಲ್ಲ: ಹಗುರ, ಬಿಸಿನೀರು ಸುರಿದರೆ ಸಾಕು. ಚಟ್ನಿಪುಡಿ, ಉಪ್ಪಿನಕಾಯಿ ಜೊತೆಗಿದ್ದರೆ ನ್ಯೂಜಿಲೆಂಡ್, ಚಿಲಿಗಳಲ್ಲಿ ಇಳಿದ ಕೂಡಲೇ ಫಾರಂನಲ್ಲಿ ಬರೆದು ತೋರಿಸಿ. ನ್ಯೂಜಿಲೆಂಡಿನಲ್ಲಿ ಬೂಟಿನ ಅಡಿಯ ಮಣ್ಣನ್ನೂ ನೋಡುತ್ತಾರೆ. ಹೊರಡುವ ಮುನ್ನವೇ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಅಡಿಯ ಗೀರುಗಳನ್ನು ತಿಕ್ಕಿ ತೊಳೆದು ಒಣಗಿಸಿಡಿ. ಹೊರದೇಶದಲ್ಲಿ ಕೊಂಡ ಸ್ಯಾಟಲೈಟ್ ಸಂದೇಶದ ಸಾಧನವನ್ನು ಅನುಮತಿಯಿಲ್ಲದೆ ಭಾರತಕ್ಕೆ ತರಬೇಡಿ, ಇಲ್ಲಿ ಅದು ಅಪರಾಧ.

ಮುಟ್ಟಿನ ದಿನಗಳ ತಯಾರಿ ಚೀಲದ ಪಟ್ಟಿಯಲ್ಲಿ ಮೊದಲೇ ಇರಲಿ. ಶೌಚಾಲಯವಿಲ್ಲದ ದಾರಿಯಲ್ಲಿ ಕಪ್ ಅನುಕೂಲ, ಆದರೆ ಅಭ್ಯಾಸವನ್ನು ಮನೆಯಲ್ಲೇ ಮಾಡಿಕೊಳ್ಳಬೇಕು. ಪ್ಯಾಡ್ ಬಳಸಿದರೆ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಕೆಳಗೆ ತನ್ನಿ. ಆ ದಿನಗಳ ನಡಿಗೆಯನ್ನು ಎಷ್ಟಕ್ಕೆ ಇಳಿಸಬೇಕೆಂಬುದು ಹೆಂಡತಿಯ ತೀರ್ಮಾನ.

ಐದನೇ ಹೆಜ್ಜೆ: ಎತ್ತರದಲ್ಲಿ ಒಬ್ಬರಿಗೊಬ್ಬರು ಕಾವಲು

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು–ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಎವರೆಸ್ಟ್ ಬೇಸ್ ಕ್ಯಾಂಪ್‌ಗೆ (5,364 ಮೀಟರ್) ಹೋಗುವವರು 3,440 ಮೀಟರಿನ ನಾಮ್ಚೆ ಬಜಾರ್‌ನಲ್ಲೂ 4,410 ಮೀಟರಿನ ಡಿಂಗ್ಬೋಚೆಯಲ್ಲೂ ಎರಡೆರಡು ರಾತ್ರಿ ಕಳೆಯುವುದು ಇದಕ್ಕೇ. ಬೇಸ್ ಕ್ಯಾಂಪ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಸುಮಾರು ಅರ್ಧ. ದುಡ್ಡು ಉಳಿಸಲು ಈ ರಾತ್ರಿಗಳನ್ನು ಕತ್ತರಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಸಂಜೆ ಲಾಡ್ಜಿನ ಊಟದ ಕೋಣೆಯಲ್ಲಿ, ಯಾಕಿನ ಸಗಣಿ ಬೆರಣಿ ಉರಿಯುವ ಒಲೆಯ ಸುತ್ತ ಕೂತಾಗ, ಒಬ್ಬರನ್ನೊಬ್ಬರು ಕೇಳಿ: ತಲೆನೋವಿದೆಯೇ? ವಾಕರಿಕೆ? ಊಟ ಸೇರುತ್ತಿದೆಯೇ? ರಾತ್ರಿ ನಿದ್ದೆ ಬಂತೇ? ಆಮೇಲೆ ಎದ್ದು, ನೆಲದ ಹಲಗೆಯ ಒಂದೇ ಗೀಟಿನ ಮೇಲೆ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಯಿರಿ. ಓಲಾಡಿದರೆ ಮೆದುಳಿನಲ್ಲಿ ಊತ ಶುರುವಾಗಿರಬಹುದು. ಸುಮ್ಮನೆ ಕೂತಿದ್ದರೂ ಏದುಸಿರು ಬಂದರೆ ಶ್ವಾಸಕೋಶಕ್ಕೆ ನೀರು ತುಂಬುತ್ತಿರಬಹುದು. ಎರಡಕ್ಕೂ ಮದ್ದು ಕೂಡಲೇ ಕೆಳಗಿಳಿಯುವುದು, ರಾತ್ರಿಯಾಗಿದ್ದರೂ ಸರಿ. ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಸಲ್ಫಾ ಅಲರ್ಜಿ ಇದ್ದವರು ಅದನ್ನು ಮೊದಲೇ ಹೇಳಬೇಕು.

ಕಾಯಿಲೆಯಾದವರು ಸಾಮಾನ್ಯವಾಗಿ ‘ಏನಿಲ್ಲ, ಸರಿಹೋಗುತ್ತೆ’ ಎನ್ನುತ್ತಾರೆ. ಇನ್ನೊಬ್ಬರ ಯಾತ್ರೆ ತಮ್ಮಿಂದ ಕೆಟ್ಟಿತಲ್ಲ ಎಂಬ ಸಂಕೋಚ. ಅದಕ್ಕಾಗಿ ಮನೆ ಬಿಡುವ ಮುಂಚೆಯೇ ಮಾತಾಗಬೇಕು: ಇಬ್ಬರಲ್ಲಿ ಯಾರೇ ‘ಇಳಿಯೋಣ’ ಎಂದರೂ ಇಬ್ಬರೂ ಇಳಿಯುವುದು, ಅಲ್ಲಿ ವಾದವಿಲ್ಲ. ಇಟಲಿಯ ನೀವೆಸ್ ಮೆರೊಯಿ ಮತ್ತು ರೊಮಾನೊ ಬೆನೆಟ್ ದಂಪತಿ ಹೀಗೆಯೇ ನಡೆದುಕೊಂಡರು. 2009ರಲ್ಲಿ ಕಾಂಚನಜುಂಗಾ ಹತ್ತುವಾಗ ಗಂಡನಿಗೆ ಆಯಾಸ ಮೀರಿತು. 8,000 ಮೀಟರ್ ಮೀರಿದ ಹದಿನಾಲ್ಕೂ ಶಿಖರ ಏರಿದ ಮೊದಲ ಮಹಿಳೆಯಾಗುವ ಪೈಪೋಟಿಯಲ್ಲಿದ್ದ ನೀವೆಸ್ ಅಲ್ಲಿಂದಲೇ ಅವರ ಜೊತೆ ಇಳಿದರು. ರೊಮಾನೊಗೆ ಇದ್ದದ್ದು ತೀವ್ರ ರಕ್ತ ಕಾಯಿಲೆ, ಅಸ್ಥಿಮಜ್ಜೆ ಕಸಿಯಾಗಬೇಕಾಯಿತು. ಗುಣವಾದ ಮೇಲೆ 2014ರಲ್ಲಿ ಅದೇ ಕಾಂಚನಜುಂಗಾವನ್ನು ಇಬ್ಬರೂ ಏರಿದರು. 2017ರ ಮೇ ತಿಂಗಳಲ್ಲಿ ಅನ್ನಪೂರ್ಣ ಹತ್ತಿ ಹದಿನಾಲ್ಕನ್ನೂ ಒಟ್ಟಿಗೆ ಮುಗಿಸಿದ ಮೊದಲ ದಂಪತಿಯಾದರು, ಅದೂ ಆಮ್ಲಜನಕದ ಸಿಲಿಂಡರ್ ಇಲ್ಲದೆ.

ಕೊನೆಯ ಹೆಜ್ಜೆ: ವಿಮೆ ಮತ್ತು ಮನೆಗೊಂದು ಚೀಟಿ

ಸಾಮಾನ್ಯ ಪ್ರವಾಸಿ ವಿಮೆಗಳಲ್ಲಿ ಎತ್ತರದ ಮಿತಿ ಇರುತ್ತದೆ. ನೀವು ಹೋಗುವ ಎತ್ತರ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡೂ ಪಾಲಿಸಿಯಲ್ಲಿ ಬರೆದಿವೆಯೇ ಎಂದು ಸಾಲು ಸಾಲಾಗಿ ಓದಿ ನೋಡಿ. ಆಪತ್ತಿನಲ್ಲಿ ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು. ಉತ್ತರವಾಗಿ ನಿಮಿಷಕ್ಕೆ ಮೂರು ಕೇಳಿಸುತ್ತದೆ. ಆಲ್ಪ್ಸ್‌ನಲ್ಲಿ 112ಕ್ಕೆ ಕರೆ ಮಾಡಬಹುದು. ಹೆಲಿಕಾಪ್ಟರ್ ಕಂಡಾಗ ಎರಡೂ ಕೈ ಮೇಲೆತ್ತಿ ಹಿಡಿದರೆ ‘ಸಹಾಯ ಬೇಕು’ ಎಂದರ್ಥ.

ಪ್ರತಿ ಚಾರಣಕ್ಕೆ ಹೊರಡುವ ಹಿಂದಿನ ರಾತ್ರಿ ಊರಲ್ಲಿರುವ ಒಬ್ಬರಿಗೆ, ತಮ್ಮನೋ ಮಗಳೋ ಯಾರಾದರೂ ಸರಿ, ಒಂದು ಸಂದೇಶ ಹೋಗಲಿ. ಯಾವ ದಾರಿ, ಯಾವ ರಾತ್ರಿ ಎಲ್ಲಿ ತಂಗುವುದು, ವಿಮೆಯ ಪಾಲಿಸಿ ಸಂಖ್ಯೆ, ಅಲ್ಲಿನ ರಕ್ಷಣಾ ದಳ ಮತ್ತು ಭಾರತೀಯ ರಾಯಭಾರ ಕಚೇರಿಯ ಫೋನ್ ನಂಬರ್ ಅದರಲ್ಲಿರಬೇಕು. ಯಾವ ದಿನ ಎಷ್ಟು ಗಂಟೆಯೊಳಗೆ ನಿಮ್ಮ ಕರೆ ಬಾರದಿದ್ದರೆ ಅವರು ಮೊದಲು ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ, ಅದು ಅಲ್ಲಿಯ ಗಂಟೆಯೋ ಭಾರತದ ಗಂಟೆಯೋ ಎಂಬುದನ್ನೂ ಬಿಡಿಸಿ ಬರೆಯಿರಿ.