ಟಿನ್ ಫ್ಯಾಕ್ಟರಿಯಿಂದ ಏಲಗಿರಿಗೆ: ಒಂದು ರಾತ್ರಿಯ ಟೆಂಟ್ ವಾಸ

ಬೆಂಗಳೂರಿನ ಟಿನ್ ಫ್ಯಾಕ್ಟರಿ ಪಕ್ಕದಲ್ಲೇ ಮನೆ ಇಟ್ಟುಕೊಂಡು ತಮಿಳುನಾಡಿನ ಏಲಗಿರಿ ಬೆಟ್ಟಕ್ಕೆ ಕಾರಿನಲ್ಲಿ ಹೋಗುತ್ತೇನೆ ಅನ್ನುತ್ತೀರಲ್ಲ, ಬೇಡ. ರಿಂಗ್ ರೋಡ್ ಹಿಡಿದು ಸಿಲ್ಕ್ ಬೋರ್ಡ್ ದಾಟಿ ಹೊಸೂರು ಮುಟ್ಟುವಷ್ಟರಲ್ಲಿ ಅರ್ಧ ಹುಮ್ಮಸ್ಸು ಇಳಿದಿರುತ್ತದೆ. ಇತ್ತ ತೂಗುಸೇತುವೆಯ ಬುಡದಲ್ಲೇ ಕೆ.ಆರ್. ಪುರ ರೈಲು ನಿಲ್ದಾಣವಿದೆ. ಬೆಳಗಿನ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಹತ್ತಿದರೆ ಬಂಗಾರಪೇಟೆ, ಕುಪ್ಪಂ ಕಳೆದು ಎರಡು ಗಂಟೆಯ ಆಸುಪಾಸಿನಲ್ಲಿ ಜೋಲಾರಪೇಟೆ. 1864ರಲ್ಲಿ ಬೆಂಗಳೂರು ದಂಡಿಗೆ ಮೊದಲ ರೈಲು ಓಡಿದ್ದೂ ಇದೇ ಜೋಲಾರಪೇಟೆ ಹಾದಿಯಲ್ಲಿ.

ಕಿರಿಕಿರಿ ಶುರುವಾಗುವುದು ಇಳಿದ ಮೇಲೆ. ಬೆಟ್ಟಕ್ಕೆ ಸರ್ಕಾರಿ ಬಸ್ಸು ಉಂಟು, ಆದರೆ ಕಾಯಬೇಕು. ಕಾಯುವವರ ಮುಖ ನೋಡಿಯೇ ಆಟೊದವರು ರೇಟು ಹೇಳುತ್ತಾರೆ. ‘ಇವತ್ತು ಬಸ್ಸೇ ಇಲ್ಲ’ ಎಂದು ನಮ್ಮನ್ನು ಹತ್ತಿಸಿಕೊಂಡವನ ಆಟೊವನ್ನು ಮೂರನೇ ತಿರುವಿನಲ್ಲೇ ಬಸ್ಸು ಹಿಂದೆ ಹಾಕಿತು. ಒಟ್ಟು ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಒಂದೊಂದಕ್ಕೂ ತಮಿಳು ಕವಿಗಳ, ಹಿಂದಿನ ದಾನಿ ಅರಸರ ಹೆಸರಿಟ್ಟಿದ್ದಾರೆ. ಹೊಟ್ಟೆ ತೊಳಸುವವರು ಬೋರ್ಡು ಓದುವ ಗೋಜಿಗೆ ಹೋಗಬೇಡಿ.

ಊಟಿಯ ಚಳಿ ನಿರೀಕ್ಷಿಸಬೇಡಿ. ಊಟಿ ಇರುವುದು 2,200 ಮೀಟರಿಗೂ ಮೇಲೆ, ಏಲಗಿರಿ 1,100ರ ಹತ್ತಿರ. ಬೆಂಗಳೂರಿಗಿಂತ ಇನ್ನೂರು ಮೀಟರ್ ಹೆಚ್ಚು, ಅಷ್ಟೇ. ಮಧ್ಯಾಹ್ನ ಬೆವರುತ್ತೀರಿ. ಆದರೆ ಡಿಸೆಂಬರ್, ಜನವರಿಯಲ್ಲಿ ನಡುರಾತ್ರಿ ದಾಟಿದ ಮೇಲೆ ಟೆಂಟಿನ ಕೆಳಗಿನ ನೆಲ ತಣ್ಣಗೆ ಬೆನ್ನಿಗೇರುತ್ತದೆ. ಕ್ಯಾಂಪಿನವರು ಕೊಡುವ ತೆಳು ಹಾಸಿಗೆ ಯಾತಕ್ಕೂ ಸಾಲದು. ಮನೆಯಿಂದ ಒಂದು ದಪ್ಪ ಜಮಖಾನ ಒಯ್ಯಿರಿ. ಇನ್ನೊಂದು ಮಾತು: ನಮ್ಮಲ್ಲಿ ಮಳೆ ಮುಗಿಯಿತೆಂದು ಅಕ್ಟೋಬರ್, ನವೆಂಬರಿನಲ್ಲಿ ಹೊರಡಬೇಡಿ. ಅಲ್ಲಿ ಹಿಂಗಾರಿನ ಮಳೆ ಜೋರು.

ಟೆಂಟನ್ನು ಖಾಸಗಿ ಕ್ಯಾಂಪಿನವರ ಜಾಗದಲ್ಲೇ ಹಾಕಿ, ಕಾಡಿನಂಚಿನಲ್ಲಿ ನೀವಾಗಿ ಬೇಡ. ನಾವು ಹೋದಾಗ ಊಟವೂ ಸೇರಿ ತಲೆಗೆ ಸಾವಿರದ ಮೇಲೆ ಚಿಲ್ಲರೆ, ಈಗ ಏರಿರಬಹುದು. ಮುಂಗಡ ಕೊಡುವ ಮುನ್ನ ಎರಡು ಪ್ರಶ್ನೆ ಕೇಳಿ: ಶೌಚಾಲಯ ಎಷ್ಟು ದೂರ? ಸ್ಪೀಕರ್ ಎಷ್ಟು ಹೊತ್ತಿಗೆ ಆಫ್? ನಮ್ಮ ಕ್ಯಾಂಪಿನಲ್ಲಿ ಬೆಂಕಿ ಆರಿದರೂ ಕುಣಿತದ ಹಾಡು ಆರಲಿಲ್ಲ. ಅಷ್ಟು ದೂರ ಹೋಗಿ ಮದುವೆ ಮನೆಯ ಡಿಜೆ ಕೇಳಬೇಕೆ?

ಬೆಳಿಗ್ಗೆ ಬಿಸಿಲೇರುವ ಮೊದಲೇ ಮಂಗಲಂ ಹಳ್ಳಿಯಿಂದ ಸ್ವಾಮಿಮಲೈ ಹತ್ತಿ. ಈ ಪ್ರವಾಸದ ಸಾರವೆಲ್ಲ ಅದರಲ್ಲೇ ಇದೆ. ದಾರಿ ನೇರ, ಗೈಡ್ ಬೇಕೇ ಬೇಕು ಎಂದವರಿಗೆ ನಕ್ಕು ಕೈಮುಗಿಯಿರಿ. ನೀರು ಮಾತ್ರ ಕೆಳಗಿನಿಂದಲೇ ಹೊರಬೇಕು. ಪುಂಗನೂರು ಕೆರೆ, ದೋಣಿ, ಪಾರ್ಕು ಮಕ್ಕಳಿದ್ದರೆ ಸರಿ.

ಸಾಧ್ಯವಾದರೆ ಶುಕ್ರವಾರ ರಾತ್ರಿಯೇ ಟೆಂಟಿನಲ್ಲಿರಿ. ಶನಿವಾರ ಗಾಡಿ ಮಾಡಿಕೊಂಡು ಜವ್ವಾದಿ ಬೆಟ್ಟಸಾಲಿನ ಕಾವಲೂರಿಗೆ ಹೋಗಬಹುದು. ಅಲ್ಲಿನ ವೇಣು ಬಾಪ್ಪು ವೀಕ್ಷಣಾಲಯದಲ್ಲಿ 2.34 ಮೀಟರ್ ದೂರದರ್ಶಕವಿದೆ. 1977ರಲ್ಲಿ ಯುರೇನಸ್ಸಿನ ಉಂಗುರಗಳ ಸುಳಿವು ಸಿಕ್ಕ ಜಾಗಗಳಲ್ಲಿ ಕಾವಲೂರೂ ಒಂದು. ಸಾರ್ವಜನಿಕರಿಗೆ ಪ್ರವೇಶ ಶನಿವಾರ. ವೀಕ್ಷಣಾಲಯವನ್ನು ನಡೆಸುವುದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಹೊರಡುವ ಮುನ್ನ ಅವರ ಜಾಲತಾಣದಲ್ಲಿ ಸಮಯ ನೋಡಿಕೊಳ್ಳಿ. ವಾಪಸ್ಸಿನ ರೈಲಿಗೆ ಸೀಟು ಈಗಲೇ ಕಾದಿರಿಸಿ.