ಎರಡು ಸರ್ವರ್ ಇವೆಯೆಂದು ಮೈಮರೆಯಬೇಡಿ
ಡೇಟಾಬೇಸಿಗೆ ಎರಡನೇ ಸರ್ವರ್ ಜೋಡಿಸಿ ನೆಮ್ಮದಿಯಾಗಿದ್ದೀರಾ? ಸ್ವಲ್ಪ ತಾಳಿ. ನಡುವಿನ ನೆಟ್‌ವರ್ಕ್ ಕಡಿದರೆ ಎರಡೂ ‘ನಾನೇ ಯಜಮಾನ’ ಎಂದು ಬರೆಯತೊಡಗಬಹುದು. ಆಮೇಲೆ ಯಾವ ಲೆಕ್ಕ ನಿಜವೆಂದು ಹುಡುಕುವುದು ಪ್ರಾಣಸಂಕಟ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನ ಅಮೆರಿಕದ ಪೂರ್ವ ಕರಾವಳಿಯ ಡೇಟಾ ಸೆಂಟರಿಗೆ ಸಂಪರ್ಕ ತಪ್ಪಿದ್ದು ಬರೀ 43 ಸೆಕೆಂಡು. ಅಷ್ಟರಲ್ಲಿ ಯಜಮಾನಿಕೆ ಪಶ್ಚಿಮ ಕರಾವಳಿಯ ಸೆಂಟರಿಗೆ ಹೋಯಿತು. ಎರಡೂ ಕಡೆ ಬೇರೆ ಬೇರೆ ದಾಖಲೆಗಳು ಉಳಿದವು. ಎಲ್ಲ ಸರಿಹೋಗಲು 24 ಗಂಟೆ ಮೀರಿತು.

ಹಾಗಾಗಿ ಯಾರು ಯಜಮಾನ ಎಂದು ಮತ ಹಾಕಲೆಂದೇ ಮೂರನೆಯದೊಂದು ಚಿಕ್ಕ ಯಂತ್ರವನ್ನಾದರೂ ಬೇರೆ ರ‍್ಯಾಕಿನಲ್ಲಿಡಿ. ಹಳೆಯ ಪ್ರೈಮರಿ (ಯಜಮಾನ ಸರ್ವರ್) ಪೂರ್ತಿ ನಿಂತಿದೆಯೆಂದು ಖಾತ್ರಿಯಾಗದೆ ಹೊಸದಕ್ಕೆ ಬರೆಯಲು ಬಿಡಬೇಡಿ. ರೆಪ್ಲಿಕಾ (ನಕಲು ಸರ್ವರ್) ಎಷ್ಟು ಹಿಂದುಳಿದಿದೆ ಎಂಬುದರ ಮೇಲೆ ಕಣ್ಣಿರಲಿ. ಬ್ಯಾಕಪ್ ಮಾತ್ರ ಬೇರೆಯೇ ಇರಬೇಕು. ಏಕೆಂದರೆ ಪ್ರೈಮರಿಯಲ್ಲಿ ಕೈತಪ್ಪಿ ಅಳಿಸಿದ ಟೇಬಲ್ ರೆಪ್ಲಿಕಾದಲ್ಲೂ ಅಳಿಸಿಹೋಗುತ್ತದೆ. ಮತ್ತೆ, ತಿಂಗಳಿಗೊಮ್ಮೆ ಹಗಲಲ್ಲೇ, ಎಲ್ಲರೂ ಎದುರಿಗಿರುವಾಗ, ಪ್ರೈಮರಿಯನ್ನು ನೀವೇ ನಿಲ್ಲಿಸಿ, ಇನ್ನೊಂದು ಕೆಲಸ ವಹಿಸಿಕೊಳ್ಳುತ್ತದೆಯೇ ನೋಡಿ.